ಬಾಯಲ್ಲೇ ದುವ್ವಾಡ ತಲುಪಿದ ರೈಲು

ಮೊನ್ನೆ ಒಂದು ರೈಲನ್ನು ಬರೀ ಬಾಯಲ್ಲೇ ನಮ್ಮೂರ ಪಕ್ಕದ ದುವ್ವಾಡ ಸ್ಟೇಷನ್ನಿಗೆ ತಂದು ನಿಲ್ಲಿಸಿದೆ. ಎಂಜಿನ್ ಇಲ್ಲ, ಸಿಗ್ನಲ್ ಇಲ್ಲ. ಗಂಟಲೊಂದಿದ್ದರೆ ಸಾಕು ನೋಡಿ!

ನಂದು ಮಿಮಿಕ್ರಿ ಗಂಟಲು ಅಂತ ನಿಮಗೆ ಗೊತ್ತೇ ಇದೆ. ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಬ್ಯಾಂಕ್ ಕ್ಲರ್ಕು. (ಮ್ಯಾನೇಜರ್ ದನಿಯಲ್ಲಿ ಕಾಫಿ ತರಿಸಿ, ಮ್ಯಾನೇಜರ್ ಕೈಯಲ್ಲೇ ಸಿಕ್ಕಿಬಿದ್ದವನು.) ಇರೋದು ಸೋದರತ್ತೆ ಮನೆಯಲ್ಲಿ. ಅತ್ತೆ ದಾವಣಗೆರೆಯವಳು, ಮಾವ ವಿಜಯವಾಡದವರು. ಮಾವನಿಗೆ ನ್ಯೂಸ್ ಅಂದರೆ ಸರ್ಕಾರಿ ರೇಡಿಯೋ ಒಂದೇ. ಫ್ರಿಜ್ ಮೇಲಿನ ಆ ಟ್ರಾನ್ಸಿಸ್ಟರ್ ಮಾತಾಡುವಾಗ ಅತ್ತೆ ಒಗ್ಗರಣೆ ಹಾಕುವಂತಿಲ್ಲ. ಸದ್ದಾಗುತ್ತೆ!

"ಭೂಕಂಪ ಆದರೂ ಬಸ್ ಲೇಟಾದ ಹಾಗೆ ಹೇಳ್ತಾರಲ್ಲ ಮಾವ" ಅಂತ ರೇಗಿಸಿದರೆ, ನಕ್ಕು ವಾಲ್ಯೂಮ್ ಏರಿಸುತ್ತಿದ್ದರು.

ಮೊನ್ನೆ ಮಾವ ವಿಜಯವಾಡದಲ್ಲಿ ಮದುವೆಯೊಂದನ್ನು ಮುಗಿಸಿ ವಾಪಸ್ ರೈಲು ಹತ್ತಿದರು. ಅದೇ ಮಧ್ಯಾಹ್ನ ತುಫಾನು. ಫೋನ್ ಸ್ವಿಚ್ ಆಫ್. (ಚಾರ್ಜ್ ಉಳಿಸೋದು ಅವರ ಹವ್ಯಾಸ. ಯಾವ ದಿನಕ್ಕೋ!)

ಟಿವಿ ಹಾಕಿದೆವು. ಕೆಂಪು ಅಕ್ಷರ, ಢಣ್ ಢಣ್ ಸದ್ದು. "ವೈಜಾಗ್ ಉಳಿಯುತ್ತಾ? ಬ್ರೇಕ್ ನಂತರ!" ಅಂದರೆ ಊರು ಮುಳುಗೋದಕ್ಕೂ ಜಾಹೀರಾತು ಮುಗಿಯಬೇಕು. ಬ್ರೇಕ್ ನಂತರ ವಾಲಿ ನಿಂತ ಒಂದು ರೈಲು ತೋರಿಸಿದರು. ಯಾವ ರೈಲು, ಯಾವ ವರ್ಷದ್ದು? ಹೇಳಲಿಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಕರೆಂಟ್ ಹೋಯಿತು.

ಅಡುಗೆಮನೆಗೆ ಓಡಿ ಟ್ರಾನ್ಸಿಸ್ಟರ್ ಕಿವಿ ಹಿಂಡಿದೆ. ಬರೀ ಗೊರಗೊರ.

"ಏನಂತಲೇ?" ನಡುಮನೆಯಿಂದ ಅತ್ತೆ ಕೂಗಿದಳು.

ನನ್ನ ಗಂಟಲು ನನ್ನನ್ನು ಕೇಳಲೇ ಇಲ್ಲ. ಸರ್ಕಾರಿ ರೇಡಿಯೋದ ಗಂಭೀರ ತೆಲುಗಿನಲ್ಲಿ ಓದಿಬಿಟ್ಟಿತು: "ವಿಜಯವಾಡದಿಂದ ಹೊರಟ ರೈಲು ದುವ್ವಾಡ ನಿಲ್ದಾಣವನ್ನು ಸುರಕ್ಷಿತವಾಗಿ ತಲುಪಿದೆ."

ಅತ್ತೆ ಒಳಗೆ ಬಂದಳು. ಮಾವನಿಗೂ ಸೇರಿಸಿ ಅಕ್ಕಿ ಅಳೆದು ತೊಳೆಯತೊಡಗಿದಳು. ನಂಬೇಬಿಟ್ಟಳಲ್ಲ! ಟಿವಿ ಆಂಕರ್‌ನ ಅಣಕಿಸಿದರೆ ಜನ ನಗ್ತಾರೆ. ಈ ದನಿಯನ್ನು ಅಣಕಿಸಿದರೆ ಅನ್ನಕ್ಕಿಡ್ತಾರಾ?

ಆಗಲೇ ರೇಡಿಯೋ ಸ್ಟೇಷನ್ ಸಿಗಬೇಕೆ! ಅಸಲಿ ವಾರ್ತೆಯ ಹೆಣ್ಣುದನಿ ನಿಧಾನವಾಗಿ ಹೇಳಿತು: "ಹಳಿಗಳ ಮೇಲೆ ನೀರು ನಿಂತಿದೆ. ವಿಜಯವಾಡದಿಂದ ಹೊರಟ ರೈಲು ಎಲ್ಲಿದೆ ಎಂಬ ಮಾಹಿತಿ ನಮಗೆ ಇನ್ನೂ ಬಂದಿಲ್ಲ. ಬಂದ ಕೂಡಲೇ ತಿಳಿಸುತ್ತೇವೆ."

ನಾನು ಫ್ರಿಜ್ಜಿನೊಳಗೆ ಹೋಗಿ ಕೂರುವುದೊಂದು ಬಾಕಿ.

"ಮೊದಲನೇದು ನೀನೇ ಅಂತ ಆಗ್ಲೇ ಗೊತ್ತಾತು ಬಿಡಲೇ" ಅಂದಳು ಅತ್ತೆ.

"ಯಾಕೆ, ದನಿ ಸರಿ ಬರ್ಲಿಲ್ವಾ?" (ಆಗಲೂ ಕಲಾವಿದನಿಗೆ ಅದೇ ಚಿಂತೆ!)

"ದನಿ ಪಸಂದಾಗಿತ್ತು. ಅವರು ನನ್ನ ಸಮಾಧಾನಕ್ಕಂತ ನ್ಯೂಸ್ ಓದಲ್ಲ."

"ಮತ್ತೆ ಅಕ್ಕಿ ಯಾಕೆ ತೊಳೆದೆ?"

"ನಿನ್ನ ಸಮಾಧಾನಕ್ಕೆ."

ಇಬ್ಬರೂ ಆ ಡಬ್ಬಿಯ ಮುಂದೆ ಕೂತೆವು. ಅದು ಗಾಬರಿಪಡಿಸಲಿಲ್ಲ, ಸುಳ್ಳು ಧೈರ್ಯವನ್ನೂ ಕೊಡಲಿಲ್ಲ. ಗೊತ್ತಾದಷ್ಟು ಹೇಳಿತು, ಮತ್ತೆ ಹೇಳಿತು. ಕೊನೆಗೆ, "ರೈಲು ದುವ್ವಾಡದಲ್ಲಿ ನಿಂತಿದೆ, ಪ್ರಯಾಣಿಕರು ಕ್ಷೇಮ."

ದುವ್ವಾಡ! ಟಿವಿಯವರಾಗಿದ್ದರೆ "ಮೊದಲು ಹೇಳಿದ್ದೇ ನಾವು" ಅಂತ ವಾರವಿಡೀ ಕುಣಿಯುತ್ತಿದ್ದರು. (ನಾನೂ ಕುಣಿದೆ. ಅತ್ತೆ ಸೌಟು ತೋರಿಸಿದಳು.)

ಸಂಜೆ ಮಾವ ಅಲ್ಲೇ ಹತ್ತಿರದ ಪರವಾಡದ ಯಾವುದೋ ಫಾರ್ಮಾ ಕಂಪನಿಯ ಶಿಫ್ಟ್ ಬಸ್ಸಿನಲ್ಲಿ ಜಾಗ ಗಿಟ್ಟಿಸಿ, ಮದುವೆ ಲಡ್ಡುವಿನ ಸಮೇತ ತೊಯ್ದು ಬಂದಿಳಿದರು. ಮೊದಲ ಪ್ರಶ್ನೆ: "ರೇಡಿಯೋಲೋ ಏಮನ್ನಾರ್ರಾ?" ರೇಡಿಯೋದಲ್ಲಿ ಏನಂದರು ಅಂತ!

ಯಾರ ದನಿ ಬೇಕಾದರೂ ತೆಗೆಯುತ್ತೇನೆ ಸ್ವಾಮಿ. ಆದರೆ "ನಮಗಿನ್ನೂ ಗೊತ್ತಿಲ್ಲ" ಅಂತ ಅಷ್ಟು ನೆಮ್ಮದಿಯಾಗಿ ಹೇಳುವ ಗಂಟಲು ಎಲ್ಲಿಂದ ತರಲಿ?