ಬೂಟು ತೊಳೆಯುವ ಸೋದರಮಾವ

ಬೆಟಗೇರಿಯ ಹುಲಿಗೇಶ ಭೂಮಿಯ ನೆತ್ತಿಯ ಹತ್ತಿರ, ಹಿಮ ತೇಲುವ ಸಮುದ್ರದಲ್ಲಿ, ಪರದೇಶದವರ ಬೂಟು ತೊಳೆಯುತ್ತಾನೆ ಅಂದರೆ ಅವನ ಓಣಿಯ ಅರ್ಧ ಜನ ನಂಬುವುದಿಲ್ಲ, ನಂಬಿದ ಅರ್ಧ ಜನ ನಗುತ್ತಾರೆ. ನಗಲಿ. ಎಲುಬಿಲ್ಲದ ನಾಲಿಗೆ, ಎತ್ತ ಬೇಕಾದರೂ ಹೊರಳುತ್ತದೆ. ಆ ಚಳಿಯಲ್ಲಿ ಒಂದು ದಿನ ಕೈ ಒದ್ದೆ ಮಾಡಿಕೊಂಡು ನಿಂತವರಿಗೆ ನಗು ಬರುವುದಿಲ್ಲ.

ಅದು ನೂರಾರು ಕೋಣೆಗಳ ತೇಲುವ ಅರಮನೆಯಂಥ ಹಡಗಲ್ಲ. ಗ್ರೀನ್‌ಲ್ಯಾಂಡಿನಿಂದ ಕೆನಡಾದ ಬ್ಯಾಫಿನ್ ದ್ವೀಪದವರೆಗೆ ಹಿಮಗಡ್ಡೆಗಳ ಸಂದಿಯಲ್ಲಿ ನುಸುಳಿಕೊಂಡು ಹೋಗುವ, ಗಟ್ಟಿ ಹೊಟ್ಟೆಯ ಸಣ್ಣ ಹಡಗು. ಅದರಲ್ಲಿ ಬರುವವರು ಉಳ್ಳವರು, ಹೆಚ್ಚಿನವರು ತಲೆ ನರೆತವರು. ಬಿಳಿ ಕರಡಿ, ಕೊಂಬಿನ ತಿಮಿಂಗಿಲ, ಕೋರೆಹಲ್ಲಿನ ವಾಲ್ರಸ್ ನೋಡಬೇಕೆಂದು ಬಂದವರು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ರಬ್ಬರ್ ದೋಣಿ ಹತ್ತಿ ದಡಕ್ಕೆ ಹೋಗುತ್ತಾರೆ. ಒಂದು ದಡದ ಮಣ್ಣು, ಬೀಜ ಇನ್ನೊಂದು ದಡಕ್ಕೆ ಹೋಗಬಾರದೆಂಬ ಕಟ್ಟಳೆ ಇರುವುದರಿಂದ ತಿರುಗಿ ಬಂದ ಪ್ರತಿಯೊಬ್ಬರ ಬೂಟನ್ನೂ ಬ್ರಷ್ಷಿನಿಂದ ಉಜ್ಜಿ, ಔಷಧದ ನೀರಿನಲ್ಲಿ ಅದ್ದಿ, ಗೂಟಕ್ಕೆ ತೂಗುಹಾಕಬೇಕು. ಹಡಗಿನ ಕೆಳ ಅಂತಸ್ತಿನಲ್ಲಿ ಅದಕ್ಕೆಂದೇ ಒಂದು ಕೋಣೆ. ಆ ಕೋಣೆಯ ಯಜಮಾನನೂ ಆಳೂ ನಮ್ಮ ಹುಲಿಗೇಶನೇ.

ಹಡಗಿನಲ್ಲಿ ಫಿಲಿಪ್ಪೀನ್ಸಿನವರಿಗೆ ಫಿಲಿಪ್ಪೀನ್ಸಿನವರಿದ್ದರು, ಗೋವಾದವರಿಗೆ ಗೋವಾದವರಿದ್ದರು. ಹುಲಿಗೇಶನಿಗೆ ಹುಲಿಗೇಶನೇ ಇದ್ದ. ಕನ್ನಡದ ಒಂದು ಮಾತು ಕಿವಿಗೆ ಬೀಳದೆ ತಿಂಗಳುಗಳಾಗಿದ್ದವು. ಬಾಯಿ ತುಕ್ಕು ಹಿಡಿಯಬಾರದೆಂದು ಬೂಟುಗಳನ್ನೇ ಮಾತಾಡಿಸುತ್ತಿದ್ದ. "ಬಾರಪಾ ಸಾವ್ಕಾರ, ಎಲ್ಲಿ ತುಳದು ಬಂದಿ? ಹಕ್ಕಿ ಹೇಲು ಮೆತಗೊಂಡೈತಿ ನೋಡು" ಅನ್ನುವನು. ಬೂಟುಗಳು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವು.

ಒಂದು ಸಂಜೆ ಮೇಲಿನಿಂದ ಕರಡಿ ಕಂಡಿತೆಂದು ಧ್ವನಿವರ್ಧಕದಲ್ಲಿ ಹೇಳಿದರು. ಉಣ್ಣುತ್ತಿದ್ದವರು ಉಣ್ಣುವುದನ್ನು ಬಿಟ್ಟು ಕ್ಯಾಮೆರಾ ಹಿಡಿದು ಓಡಿದ ಸದ್ದು ಅವನ ತಲೆಯ ಮೇಲೆ ಕೇಳಿಸಿತು. ಹುಲಿಗೇಶ ತನ್ನ ಕೋಣೆಯ ದುಂಡು ಕಿಟಕಿಗೆ ಮುಖ ಹಚ್ಚಿದ. ತುಸು ಹಳದಿಗಟ್ಟಿದ ಬಿಳಿ ಮೈ, ಉದ್ದ ಕತ್ತು. ಒಂದು ಹಿಮದ ಹಲಗೆಯ ಮೇಲೆ ಅದು ಒಂದೇ ನಿಂತಿತ್ತು. ಸುತ್ತ ಕಣ್ಣು ಹಾಯುವಷ್ಟು ದೂರ ಇನ್ನೊಂದು ಜೀವವಿಲ್ಲ. ಅದು ಹಡಗನ್ನು ನೋಡಿತು, ಗಾಳಿಯನ್ನು ಮೂಸಿತು, ನೀರಿಗಿಳಿದು ಈಸಿಕೊಂಡು ಹೋಯಿತು. ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಇವನು ಕಿಟಕಿಯಿಂದ ಮುಖ ತೆಗೆದ. ಅಷ್ಟು ಒಂಟಿಯಾಗಿರುವುದನ್ನು ನೋಡಲು ದುಡ್ಡು ಕೊಟ್ಟು ಬರುವ ಮಂದಿಯೂ ಇದ್ದಾರಲ್ಲ ಎಂದು ಅವರ ಮೇಲೆ ಸಿಟ್ಟು ಬಂದಿತು.

ಇವನಾದರೂ ಯಾಕೆ ಇಷ್ಟು ದೂರ ಬಂದ ಅಂದರೆ, ಅಕ್ಕನಿಗೆ "ಒಲ್ಲೆ" ಅಂದಿದ್ದಕ್ಕೆ.

ಅವ್ವ ಸತ್ತಾಗ ಹುಲಿಗೇಶ ಇನ್ನೂ ತೊದಲುವ ಕೂಸು. ಅಕ್ಕ ಸಾವಿತ್ರೆವ್ವ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಮಗ್ಗಕ್ಕೆ ನೂಲು ಸುತ್ತಿದಳು, ಮದುವೆಯಾಗಿ ಓಣಿಯ ಆ ತುದಿಯ ಅಂದಾನಪ್ಪನ ಮನೆಗೆ ಹೋಗುವಾಗ ಅವನನ್ನೂ ಕರೆದುಕೊಂಡೇ ಹೋದಳು. ಅಲ್ಲಿ ಅವಳಿಗೆ ಅಂಕಿತಾ ಹುಟ್ಟಿದಳು. ತೊಟ್ಟಿಲಿಗೆ ಹಾಕಿದ ದಿನವೇ ಬಂದ ಹೆಂಗಸರೆಲ್ಲ "ಹುಲಿಗೇಶಗ ಹೆಂಡ್ತಿ ಬಂದ್ಲು" ಎಂದು ನಕ್ಕರು. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಅಲ್ಲಿ ಹೊಸದೇನಲ್ಲ. ಉಳಿದವರು ನಕ್ಕು ಮರೆತರು. ಸಾವಿತ್ರೆವ್ವ ಮರೆಯಲಿಲ್ಲ.

ಅಂಕಿತಾ ಕಾಲೇಜು ಮುಗಿಸಿದ ವರ್ಷ ಅವಳು ಹಿರಿಯರನ್ನು ಕೂಡಿಸಿ, ತಾಟಿನಲ್ಲಿ ಎಲೆ ಅಡಿಕೆ ಇಟ್ಟು ತಮ್ಮನನ್ನು ಕರೆದಳು. ಹುಲಿಗೇಶ ತಲೆ ತಗ್ಗಿಸಿ, "ಅಕ್ಕಾ, ನಾ ಎತ್ತಿ ಆಡಿಸಿದ ಕೂಸು ಅದು. ನಾ ಒಲ್ಲೆ" ಅಂದ. ಸಾವಿತ್ರೆವ್ವ ತಾಟು ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಅವನೊಡನೆ ಮಾತು ಬಿಟ್ಟಳು. ಹೊಟ್ಟೆಗೆ ಹಾಕುವುದನ್ನು ಮಾತ್ರ ಬಿಡಲಿಲ್ಲ. ಬಿಸಿ ರೊಟ್ಟಿಯನ್ನು ಅವನ ಮುಂದಿಟ್ಟು ಗೋಡೆಯ ಕಡೆ ನೋಡಿ, "ಉಣ್ಣವ್ರು ಉಣ್ಲಿ" ಅನ್ನುವಳು. ಬೈದಿದ್ದರೆ ಅವನು ಸಹಿಸುತ್ತಿದ್ದ. ಗೋಡೆಗೆ ಹೇಳಿದ್ದನ್ನು ಸಹಿಸಲು ಆಗಲಿಲ್ಲ. ಗೋವಾದ ಹೋಟೆಲಿಗೆ ಹೋದ, ಅಲ್ಲಿಂದ ಏಜೆಂಟನ ಕೈಹಿಡಿದು ಹಡಗು ಹತ್ತಿದ. ನಾಲ್ಕು ವರ್ಷ ಕಳೆದವು.

ಅಂಕಿತಾಳಿಗೆ ಮಾತ್ರ ಮಾವನ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ. "ನೀ ಒಲ್ಲೆ ಅಂದಿ, ನಾ ಬದುಕಿದೆ" ಎಂದು ನಗುತ್ತಿದ್ದಳು. ಈ ವರ್ಷ ಆಷಾಢದಲ್ಲಿ ಅವಳೇ ಫೋನ್ ಮಾಡಿದಳು.

"ಮಾವಾ, ಶ್ರಾವಣದಾಗ ಅಕ್ಕಿಕಾಳು ನಂದು. ಹುಡುಗ ಶಿರಹಟ್ಟಿಯವ್ರು. ಸಾಲಿ ಮಾಸ್ತರ."

"ಚಲೋ ಆತು ಬಿಡವಾ. ಅಕ್ಕ ನನ್ನ ಸುದ್ದಿ ಏನರ ತಗದ್ಲೇನು?"

"ಇಲ್ಲ ಮಾವಾ."

ಅಕ್ಷತೆಯ ಅಕ್ಕಿಕಾಳು ಬೀಳುವಾಗ ಮದುಮಗಳ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ತಂದೆ ಇದ್ದರೂ, ಅಣ್ಣ ತಮ್ಮಂದಿರಿದ್ದರೂ ಆ ಜಾಗ ಸೋದರಮಾವನದೇ. ಹುಲಿಗೇಶನಿಗೆ ಈ ಭೂಮಿಯ ಮೇಲೆ ತನ್ನದೆನ್ನುವ ಜಾಗ ಉಳಿದದ್ದು ಅದೊಂದೇ. ಹಡಗು ಮುಂದಿನ ಸಲ ಗ್ರೀನ್‌ಲ್ಯಾಂಡಿಗೆ ತಿರುಗಿದಾಗ ಅಲ್ಲಿ ಇಳಿದು ವಿಮಾನ ಹತ್ತಿದರೆ ಮದುವೆಗೆ ಮುಟ್ಟಬಹುದಿತ್ತು. ಮೇಲಿನ ಅಧಿಕಾರಿಯೂ ಹೋಗುವುದಾದರೆ ಹೋಗು ಅಂದಿದ್ದ. ಹುಲಿಗೇಶ ತಾಸುಗಟ್ಟಲೆ ಬ್ರಷ್ಷು ಹಿಡಿದು ಯೋಚನೆ ಮಾಡಿ, ಕೊನೆಗೆ ಅಂಕಿತಾಳಿಗೆ ಹೇಳಿದ: "ಅಕ್ಕ ಕರದ್ರ ಬರ್ತೀನಿ ಅಂತ ಹೇಳು. ಒಂದು ಮಾತು, ಬಾ ಅನ್ಲಿ, ಸಾಕು."

ಆ ಒಂದು ಮಾತಿಗಾಗಿ ಕಾಯುತ್ತಿದ್ದ ದಿನಗಳಲ್ಲೇ ಹಡಗು ಬ್ಯಾಫಿನ್ ದ್ವೀಪದ ಒಂದು ಇನುಯಿಟ್ ಹಳ್ಳಿಯ ಮುಂದೆ ನಿಂತಿತು. ಬೂಟು ಉಜ್ಜುವ ನೀರಿನ ಬುಟ್ಟಿಗಳನ್ನು ಆ ಊರಲ್ಲಿ ದಡದಲ್ಲೇ ಇಡಬೇಕಾದ್ದರಿಂದ ಹುಲಿಗೇಶನಿಗೂ ಇಳಿಯುವ ಅವಕಾಶ ಸಿಕ್ಕಿತು. ಪ್ರಯಾಣಿಕರೆಲ್ಲ ಸಭಾಭವನದಲ್ಲಿ ಚರ್ಮದ ತಮಟೆಯ ಕುಣಿತ ನೋಡಲು ಹೋದ ಮೇಲೆ ಇವನು ಊರೊಳಗೆ ಕಾಲಾಡಿಸಿದ. ಬಣ್ಣ ಬಳಿದ ಮರದ ಮನೆಗಳು, ಸರಪಳಿ ಕಟ್ಟಿದ ನಾಯಿಗಳು, ಚೌಕಟ್ಟಿಗೆ ಬಿಗಿದು ಒಣಗಹಾಕಿದ ಸೀಲಿನ ಚರ್ಮ, ಹಗ್ಗದ ಮೇಲೆ ಕೆಂಪು ಮೀನಿನ ಸೀಳುಗಳು. ಮರ ಒಂದೂ ಇಲ್ಲ.

ಆಗ ಅವನ ಬೆನ್ನ ಹಿಂದೆ ಯಾವುದೋ ಕೂಸು ಕೂಗಿತು: "ಆಕ್ಕಾ! ಆಕ್ಕಾ!"

ಹುಲಿಗೇಶನ ಕಾಲು ಅಲ್ಲೇ ನಿಂತವು. ಒಂದು ಮನೆಯ ಮೆಟ್ಟಿಲ ಮೇಲೆ ಮೂರು ವರ್ಷದ ಹುಡುಗ ಅಳುತ್ತ ನಿಂತಿದ್ದ, ಮುದುಕಿಯೊಬ್ಬಳು ಅವನ ತಲೆಗೆ ಟೊಪ್ಪಿಗೆ ಹಾಕಲು ಹೆಣಗುತ್ತಿದ್ದಳು. "ಆಕ್ಕಾ!" ಎಂದು ಅವನು ಮತ್ತೆ ಕಿರುಚಿದ. ಹುಲಿಗೇಶನಿಗೆ ಊರು, ದೇಶ, ಹಡಗು ಎಲ್ಲ ಮರೆತುಹೋಯಿತು. "ಯಾಕೋ ತಮ್ಮಾ? ಅಳಬ್ಯಾಡ, ಅಕ್ಕನ ಕರಕೊಂಡು ಬರ್ತೀನಿ ತಡಿ" ಎಂದು ಕನ್ನಡದಲ್ಲೇ ಅಂದು, ಆಚೆ ಚೆಂಡಾಡುತ್ತಿದ್ದ ಒಬ್ಬ ಹುಡುಗಿಯ ಕೈ ಹಿಡಿದುಕೊಂಡು ಬಂದು ಕೂಸಿನ ಮುಂದೆ ನಿಲ್ಲಿಸಿಯೇಬಿಟ್ಟ. ಹುಡುಗಿ ಇವನನ್ನು ನೋಡಿದಳು, ಮುದುಕಿ ಹುಡುಗಿಯನ್ನು ನೋಡಿದಳು, ಕೂಸು ಅಳುವುದನ್ನೇ ಬಿಟ್ಟು ಇವನನ್ನು ನೋಡಿತು.

ಅಷ್ಟರಲ್ಲಿ ಎಲಿಸಾಪಿ ಬಂದಳು. ಅವಳು ಆ ಸೀಮೆಯ ಇನುಯಿಟ್ ಹೆಂಗಸು, ಪ್ರಯಾಣಿಕರಿಗೆ ತನ್ನ ಜನರ ರೀತಿರಿವಾಜು ತಿಳಿಸಿಕೊಡಲು ಹಡಗಿನಲ್ಲೇ ಇರುವವಳು. ಮುದುಕಿ ಅವಳ ಚಿಕ್ಕಮ್ಮ. ಹುಲಿಗೇಶ ತನ್ನ ಹರಕು ಇಂಗ್ಲಿಷಿನಲ್ಲಿ ಆದದ್ದನ್ನು ಹೇಳಿದ. ಎಲಿಸಾಪಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅವನು ಯಾರನ್ನೂ ಕರೆಯುತ್ತಿಲ್ಲ. ಆಕ್ಕಾ ಅಂದರೆ ನಮ್ಮ ಮಾತಿನಲ್ಲಿ ಬೇಡ ಅಂತ. ಅವನಿಗೆ ಟೊಪ್ಪಿಗೆ ಬೇಡವಂತೆ."

ಹುಲಿಗೇಶನೂ ಅವರೊಡನೆ ನಕ್ಕ. ನಗುತ್ತಿರುವಾಗಲೇ ಕಣ್ಣು ತುಂಬಿ ಬಂದವು. ಅವನು ಗಾಳಿಗೆಂದು ಮುಖ ತಿರುಗಿಸಿದ. ಎಲಿಸಾಪಿ ಕಂಡೂ ಕಾಣದವಳಂತೆ, ಬುಟ್ಟಿಗಳನ್ನು ನೋಡಿಕೊಂಡು ಚಹಕ್ಕೆ ಬಾ ಎಂದು ಹೇಳಿ ಮುದುಕಿಯೊಡನೆ ಒಳಗೆ ಹೋದಳು.

ಅವನು ಮರಳಿ ಬಂದಾಗ ಬಾಗಿಲು ಮುಚ್ಚಿತ್ತು. ಮರ್ಯಾದೆಯಿಂದ ಬಡಿದ. ಒಳಗಿನ ಮಾತು ಥಟ್ಟನೆ ನಿಂತಿತು, ಯಾರೂ ಬರಲಿಲ್ಲ. ಮತ್ತೆ ಬಡಿದ. ಕೊನೆಗೆ ಎಲಿಸಾಪಿ ಇಣುಕಿದಳು.

"ನೀನಾ? ಇಲ್ಲಿ ಬಾಗಿಲು ಬಡಿಯುವವರು ಪೊಲೀಸರು ಮಾತ್ರ. ನಮ್ಮವರು ಸುಮ್ಮನೆ ಒಳಗೆ ಬರುತ್ತಾರೆ."

ಒಳಗೆ ನೆಲದ ಮೇಲೆ ರಟ್ಟು ಹಾಸಿ, ಹೆಪ್ಪುಗಟ್ಟಿದ ಮೀನನ್ನಿಟ್ಟು, ಅರ್ಧಚಂದ್ರದಂಥ ಚೂರಿಯಿಂದ ಕೊಯ್ದುಕೊಂಡು ಎಲ್ಲರೂ ಸುತ್ತ ಕೂತು ತಿನ್ನುತ್ತಿದ್ದರು. ಇವನಿಗೆ ಚಹ, ರೊಟ್ಟಿಯಂಥದೇನೋ ಒಂದು ಕೊಟ್ಟರು. ಬಿಸಿ ಹೊಟ್ಟೆಗೆ ಇಳಿದ ಮೇಲೆ ಅವನ ಬಾಯಿ ಬಿಚ್ಚಿತು. ಅಕ್ಕ, ಅಂಕಿತಾ, ಮದುವೆ, ಸೋದರಮಾವನ ಜಾಗ, ಎಲ್ಲ ಹೇಳಿಕೊಂಡ. ಎಲಿಸಾಪಿ ಮುದುಕಿಗೆ ಅದನ್ನು ತನ್ನ ಮಾತಿನಲ್ಲಿ ತಿಳಿಸಿದಳು. ಮುದುಕಿ ಹುಬ್ಬೇರಿಸಿ ಕೇಳುತ್ತಿದ್ದಳು. ನಮ್ಮಲ್ಲಿ ಹುಬ್ಬೇರಿಸಿದರೆ ಅನುಮಾನ. ಅವರಲ್ಲಿ ಅದು ಹೌದು ಹೌದು ಅಂದಂತೆ.

"ಅಕ್ಕ ನನ್ನ ಕರೆಯುತ್ತಾಳಾ, ಕೇಳು" ಅಂದ ಹುಲಿಗೇಶ.

ಮುದುಕಿ ಮೂಗು ಮುರಿದಳು. ಹುಲಿಗೇಶನಿಗೆ ಕೆಡುಕೆನಿಸಿತು.

"ಅದು ತಾತ್ಸಾರವಲ್ಲ, ಇಲ್ಲ ಅನ್ನುವುದು ಹಾಗೆ" ಎಂದಳು ಎಲಿಸಾಪಿ. "ಕರೆಯುವುದಿಲ್ಲ ಅಂತಾಳೆ."

ಮುದುಕಿ ಇನ್ನೂ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ಹಡಗಿನ ಭೋಂಗಾ ಕೂಗಿತು. ಹುಲಿಗೇಶ ಉಳಿದ ಮಾತನ್ನು ಕೇಳದೆ ಎದ್ದುಬಂದ. ಕೇಳಬೇಕಾಗಿತ್ತು, ಮಾರಾಯ. ಹಸಿವಿದ್ದವನಿಗೆ ಅರ್ಧ ರೊಟ್ಟಿ ಸಾಕಾದೀತು, ಅರ್ಧ ಮಾತು ಯಾರಿಗೂ ಸಾಕಾಗುವುದಿಲ್ಲ.

ಗ್ರೀನ್‌ಲ್ಯಾಂಡಿನ ಬಂದರು ಬಂತು. ಹಳೆಯ ಪ್ರಯಾಣಿಕರು ಇಳಿದು ಹೊಸಬರು ಹತ್ತಿದರು. ಹುಲಿಗೇಶ ಇಡೀ ದಿನ ಫೋನನ್ನು ಎದೆಯ ಜೇಬಿನಲ್ಲಿಟ್ಟುಕೊಂಡೇ ಬೂಟು ಉಜ್ಜಿದ. ಬೆಟಗೇರಿಯಿಂದ ಬಾ ಎಂಬ ಮಾತು ಬರಲಿಲ್ಲ. ಸಂಜೆ ಹಡಗು ದಡ ಬಿಟ್ಟಾಗ ಅವನು ಕಿಟಕಿಯತ್ತ ನೋಡಲೂ ಇಲ್ಲ.

ಮದುವೆಯ ದಿನ ಹಡಗು ಎರಡು ಬೆಟ್ಟಗಳ ನಡುವೆ ಸಿಕ್ಕಿಕೊಂಡಂತಿತ್ತು, ಇಂಟರ್ನೆಟ್ ಸತ್ತಿತ್ತು. ಕೊಂಬಿನ ತಿಮಿಂಗಿಲಗಳ ಹಿಂಡು ಹಡಗಿನ ಪಕ್ಕದಲ್ಲೇ ಉಸಿರು ಬಿಡುತ್ತ ಹಾದುಹೋಯಿತಂತೆ. ಅವನು ನೋಡಲು ಹೋಗಲಿಲ್ಲ. ಮರುದಿನ ಬಯಲು ನೀರಿಗೆ ಬಂದ ಮೇಲೆ ಅಂಕಿತಾಳ ಫೋನ್ ಹತ್ತಿತು.

"ಎಲ್ಲಾ ಚಂದ ಆತೇನವಾ?"

"ಆತು ಮಾವಾ. ಅವ್ವ ಇಲ್ಲೇ ಅದಾಳ. ಕೊಡ್ಲೇನು?"

ಅವನು ಉತ್ತರಿಸುವ ಮೊದಲೇ ಆ ಕಡೆ ಬಳೆಯ ಸದ್ದಾಯಿತು. "ಒಲ್ಲೆ" ಅಂತ ಒಂದು ಧ್ವನಿ ಕೇಳಿಸಿತು, ಆಮೇಲೆ ಬಾಗಿಲು ಸರಿದ ಸದ್ದು. ನಾಲ್ಕು ವರ್ಷಗಳ ಮೇಲೆ ಅವನು ಕೇಳಿದ ಅಕ್ಕನ ಮಾತು ಅಷ್ಟೇ.

"ಇರ್ಲಿ ಬಿಡು" ಅಂದ ಹುಲಿಗೇಶ. "ನಿನ್ನ ಹಿಂದ ಯಾರು ನಿಂತ್ರು? ಪರಶುರಾಮನೇನು?" ಎಂದು ಕೇಳಿದ. ಪರಶುರಾಮ ಅವನ ಚಿಕ್ಕಪ್ಪನ ಮಗ.

ಅಂಕಿತಾ ದನಿ ತಗ್ಗಿಸಿದಳು. "ಹಿರ್ಯಾರು ಅವಂಗ ನಿಂದ್ರು ಅಂದ್ರು ಮಾವಾ. ಅವ್ವ ಕೈ ಹಿಡದು ಹೊರಗ ಸರಿಸಿದ್ಲು. ಯಾರ್ನೂ ನಿಂದ್ರಗೊಡಲಿಲ್ಲ."

"ಅಂದ್ರ?"

"ನನ್ನ ಹಿಂದ ಖಾಲಿನ ಇತ್ತು. ಅಪ್ಪ ಸಿಟ್ಟಿಗೆದ್ದು, ತಮ್ಮನ ಕರಿಯಾಕ ನಿನಗೇನು ಧಾಡಿ ಆಗಿತ್ತು ಅಂದ. ಅವ್ವ ಎಲ್ಲಾರ ಮುಂದ ಅಂದ್ಲು, 'ಕರದ್ರ ಬರ್ತೀನಿ ಅಂದಾನಂತ. ಕರದ ಮ್ಯಾಲ ಬರಾಕ ಅಂವೇನು ಬೀಗನೇನು? ಮನಿ ಮಗಗ ಯಾರರ ಕರಿಯಾಕ ಹೋಗ್ತಾರೇನು?' ಅಂತ. ಅಕ್ಕಿಕಾಳು ಬೀಳೂತನಕ ಮಂಟಪದ ಬಾಗಿಲ ಕಡೇನ ನೋಡಕೋಂತ ನಿಂತಿದ್ಲು ಮಾವಾ. ಮಂತ್ರ ಹೇಳೂ ಐನಾರು ಹೊತ್ತು ಮೀರಾಕ್ಹತ್ತೇತಿ ಅಂದ್ರೂ ತಡೀರಿ, ತಡೀರಿ ಅಂತಿದ್ಲು."

ಹುಲಿಗೇಶ ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದ.

"ಮಾವಾ? ಕೇಳಸಾಕ್ಹತ್ತೇತೇನು?"

ಕೇಳಿಸುತ್ತಿತ್ತು. ಮುದುಕಿಯ ಉಳಿದ ಅರ್ಧ ಮಾತೂ ಈಗ ಕೇಳಿಸುತ್ತಿತ್ತು.