ಪಿಸುದನಿಯ ಮಗ್ಗಿ

ಶಿವಾಜಿನಗರದ ಹೂವಿನ ಅಂಗಡಿಗಳ ಮುಂದೆ ಈಗಷ್ಟೇ ನೀರು ಚಿಮುಕಿಸುತ್ತಿದ್ದಾರೆ. ಹಿಂದಿನ ಗಲ್ಲಿಯ ಪ್ರಾಥಮಿಕ ಶಾಲೆಯ ಜಗುಲಿಯಲ್ಲಿ ಶಿಕ್ಷಕಿ ತಾಹೇರಾ ಮಂಡಿಯೂರಿ ಕುಳಿತು ಹುಣಸೆಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಾರೆ. ಸುತ್ತಲೂ ಹತ್ತಾರು ಮಕ್ಕಳು. ಅಪ್ಪ ಅಮ್ಮ ನಸುಕಿನಲ್ಲೇ ಮಾರ್ಕೆಟ್ಟಿಗೆ ಹೊರಡುವುದರಿಂದ ಇವರೆಲ್ಲ ಬೆಲ್ ಹೊಡೆಯುವುದಕ್ಕೆ ಬಹಳ ಮುಂಚೆಯೇ ಬರುತ್ತಾರೆ. ತಾಹೇರಾ ಬಾಯಿ ತೆರೆದರೆ ಬರುವುದು ಗಾಳಿ ಬೆರೆತ ಪಿಸುಮಾತು ಮಾತ್ರ. ಹಿಂದೆ ಕೂತ ಹುಡುಗಿಯೊಬ್ಬಳು ಮಿಸ್ ಮಾತಾಡುತ್ತಿದ್ದಾರೆ, ಸುಮ್ಮನಿರೆಂದು ಪಕ್ಕದವನಿಗೆ ತಿವಿಯುತ್ತಾಳೆ: "ಚುಪ್ ರೇ, ಮಿಸ್ ಬೋಲ್ರೆ!" ಜಗುಲಿಯ ಸದ್ದು ಒಮ್ಮೆಲೇ ಅಡಗುತ್ತದೆ.

ಈ ದನಿ ಹಿಂದೆ ಹೀಗಿರಲಿಲ್ಲ. ತಾಹೇರಾ ಮಗ್ಗಿ ಹೇಳಿಸುತ್ತಿದ್ದರೆ ಬೀದಿಯ ಆಚೆಗೂ ಕೇಳುತ್ತಿತ್ತು. ಹಾಸಿಗೆ ಹೊಲಿಯುತ್ತಿದ್ದ ಅಬ್ದುಲ್ ಅವರ ಮಗಳು, ಮನೆಯಲ್ಲಿ ದಖನಿ ಉರ್ದು ಮಾತಾಡಿ ಬೆಳೆದವರು. ಕನ್ನಡ ಕಲಿತದ್ದು ಶಾಲೆಯಲ್ಲಿ, ಅದೂ ಮಗ್ಗಿಯ ಮೂಲಕ. "ಎರಡೊಂದ್ಲ ಎರಡು ಅನ್ನೋದೇ ನಾನು ಕಲ್ತ ಮೊದಲ್ನೇ ಕನ್ನಡ ಪದ್ಯ," ಎಂದು ನಗುತ್ತಾರೆ.

ನಾಲ್ಕು ವರ್ಷಗಳ ಹಿಂದೆ ಕುತ್ತಿಗೆಯಲ್ಲಿದ್ದ ಗೆಡ್ಡೆ ತೆಗೆಸಬೇಕಾಯಿತು. ಗೆಡ್ಡೆ ಧ್ವನಿಯ ನರಕ್ಕೇ ಅಂಟಿಕೊಂಡಿತ್ತು. ಜೀವ ಉಳಿಯಿತು, ದನಿ ಹೋಯಿತು. ಆಸ್ಪತ್ರೆಯಲ್ಲಿ ಅವರು ಅಳಲಿಲ್ಲ. ಶಾಲೆಗೆ ಮರಳಿದ ದಿನ "ಎಲ್ಲಾರೂ ಕೂತ್ಕೊಳ್ಳಿ" ಎಂದಾಗ ಮಕ್ಕಳು ಆಟವೆಂದುಕೊಂಡು ತಾವೂ ಪಿಸುಗುಟ್ಟಿ ನಕ್ಕರು. ಅಂದು ಕಪ್ಪುಹಲಗೆಯ ಕಡೆ ತಿರುಗಿ ನಿಂತು ಅತ್ತುಬಿಟ್ಟರು.

ಮುಖ್ಯ ಶಿಕ್ಷಕ ಶ್ರೀರಾಮಪ್ಪ ಕೆಟ್ಟವರೇನಲ್ಲ. "ಮೇಡಂ, ಆಫೀಸ್ ಕೆಲ್ಸ ನೋಡ್ಕೊಳ್ಳಿ. ಗಂಟ್ಲಿಗೂ ರೆಸ್ಟ್ ಸಿಗುತ್ತೆ," ಎಂದರು. ತಾಹೇರಾ ದಸರಾ ರಜೆಯವರೆಗೆ ಅವಕಾಶ ಕೇಳಿದರು. ಅಷ್ಟರಲ್ಲಿ ಮಕ್ಕಳು ಗುಣಾಕಾರ ಕಲಿಯದಿದ್ದರೆ ತರಗತಿ ಬಿಟ್ಟುಕೊಡುವುದೆಂದು ಮಾತಾಯಿತು.

ಮೊದಲ ಕೆಲವು ದಿನ ಏನೂ ನಡೆಯಲಿಲ್ಲ. ಕೂಗಿ ಹೇಳಿಸಲು ಹೋಗಿ ಗಂಟಲು ಉರಿಯಿತು. ಕೊನೆಗೆ ಮನೆಯಿಂದ ಹುಣಸೆಬೀಜ ತಂದು ನೆಲಕ್ಕೆ ಸುರಿದರು. ಸಾಲಿಗೆ ಏಳರಂತೆ ಆರು ಸಾಲು ಜೋಡಿಸಿ, ಎಷ್ಟೆಂದು ಕೈಸನ್ನೆಯಲ್ಲೇ ಕೇಳಿದರು. ಆರೇಳ್ಲ ನಲವತ್ತೆರಡು ಎಂದು ಹಾಡಬಲ್ಲ ಮಕ್ಕಳೆಲ್ಲ ಒಂದೊಂದೇ ಬೀಜ ಎಣಿಸತೊಡಗಿದರು.

"ಆಗ ಗೊತ್ತಾಯ್ತು ನೋಡಿ. ಇಷ್ಟು ವರ್ಷ ಹಾಡಿಸಿದೀನಿ, ಅಷ್ಟೇ. ಅದು ಸಾಲುಗಳ ಲೆಕ್ಕ ಅಂತ ಅವ್ರಿಗೆ ಹೊಳೆದೇ ಇರ್ಲಿಲ್ಲ," ಎನ್ನುತ್ತಾರೆ.

ಅಲ್ಲಿಂದ ಪಾಠ ನೆಲಕ್ಕಿಳಿಯಿತು. ಐದು ಸಾಲು ಎಷ್ಟೆಂದು ಗೊತ್ತಿದ್ದರೆ ಆರನೆಯದನ್ನು ಸೇರಿಸಿದರಾಯಿತು. ಪಕ್ಕದಿಂದ ನೋಡಿದರೆ ಸಾಲಿಗೆ ಆರರಂತೆ ಏಳು ಸಾಲು, ಮೊತ್ತ ಅದೇ. ಮಗ್ಗಿಯ ಹೊತ್ತಿನಲ್ಲಿ ತುಟಿಯಷ್ಟೇ ಆಡಿಸುತ್ತಿದ್ದ ರಿಮ್ಶಾ ಎಂಬ ಹುಡುಗಿ ಸಾಲುಗಳನ್ನು ಮುರಿದು ಕೂಡಿಸುತ್ತ, ಪಕ್ಕದವರಿಗೂ ದಖನಿಯಲ್ಲಿ ತಿಳಿಸಿಕೊಡತೊಡಗಿದಳು.

ರಜೆಗೆ ಮುಂಚೆ ಶ್ರೀರಾಮಪ್ಪ ಬಂದರು. ಬೀಜಗಳನ್ನೆಲ್ಲ ಡಬ್ಬಿಗೆ ತುಂಬಿಸಿ, ಪ್ರಾರ್ಥನೆಗೆ ಒಂಬತ್ತು ಸಾಲು, ಸಾಲಿಗೆ ಎಂಟು ಮಕ್ಕಳು ನಿಂತರೆ ಒಟ್ಟು ಎಷ್ಟೆಂದು ಕೇಳಿದರು. ಮಕ್ಕಳು ಬೆರಳು ಮಡಿಸತೊಡಗಿದರು. ತಾಹೇರಾ ಸೆರಗಿನ ತುದಿ ಹಿಂಡುತ್ತ ನಿಂತಿದ್ದರು. ಸಹಾಯ ಮಾಡೋಣವೆಂದರೂ ಅವರ ದನಿ ಮಕ್ಕಳವರೆಗೆ ಮುಟ್ಟುತ್ತಿರಲಿಲ್ಲ.

ರಿಮ್ಶಾ ಎದ್ದಳು. "ಹತ್ತು ಸಾಲು ಇದ್ರೆ ಎಂಬತ್ತು ಸರ್. ಒಂದು ಸಾಲು ಮನೆಗ್ ಹೋಯ್ತು. ಎಪ್ಪತ್ತೆರಡು."

"ಯಾಕಮ್ಮಾ ಮನೆಗ್ ಹೋದ್ರು?"

"ಲೇಟಾಗ್ ಬಂದಿದ್ರು ಸರ್. ನೀವೇ ಕಳ್ಸಿದ್ರಿ."

ಶ್ರೀರಾಮಪ್ಪ ಜೋರಾಗಿ ನಕ್ಕರು. ಆಫೀಸಿನ ಮಾತನ್ನು ಮತ್ತೆ ಎತ್ತಲಿಲ್ಲ. "ನಾನು ಅವ್ರ ಗಂಟ್ಲು ಮಾತ್ರ ನೋಡ್ದೆ. ಅವ್ರ ಹಟ ನೋಡಿರ್ಲಿಲ್ಲ," ಎಂದು ಈಗ ಹೇಳುತ್ತಾರೆ.

ಕಷ್ಟ ತೀರಿದೆ ಎಂದಲ್ಲ. ಬಸ್ಸಿನಲ್ಲಿ ಸ್ಟಾಪ್ ಹೇಳಿದರೆ ಕಂಡಕ್ಟರ್‌ಗೆ ಕೇಳಿಸುವುದಿಲ್ಲ. ರಸ್ತೆಗೆ ಓಡುವ ಮಗುವನ್ನು ಕೂಗಲಾಗದೆ ತಾವೇ ಹಿಂದೆ ಓಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಪಿಸುಮಾತೂ ಕರಗಿ, ಬರೀ ಕೈಸನ್ನೆ ಉಳಿಯುತ್ತದೆ. ಹೊಸದಾಗಿ ಬಂದ ತಾಯಂದಿರು ಕೆಲವರು ಮಿಸ್‌ಗೆ ಸಿಟ್ಟು ಬಂದಿದೆಯೆಂದು ತಿಳಿಯುವುದೂ ಉಂಟು. ಹಾಗಂತ ಇಲ್ಲಿ ಮಗ್ಗಿ ನಿಂತಿಲ್ಲ. ಬಾಯಿಪಾಠವೂ ಬೇಕೇ ಬೇಕು ಎನ್ನುತ್ತಾರೆ ತಾಹೇರಾ. ಆದರೆ ಈಗ ಸಾಲು ಜೋಡಿಸಿದ ಮೇಲೆ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಸುತ್ತಾರೆ, ತಪ್ಪಿದವರನ್ನು ಅವರೇ ತಿದ್ದುತ್ತಾರೆ.

ಯಾರೋ ಮೈಕ್ ಕೊಡಿಸುತ್ತೇವೆಂದು ಮುಂದೆ ಬಂದರಂತೆ. ತಾಹೇರಾ ಬೇಡವೆಂದರು. ಬೇಕಾಗಿರುವುದು ಬೇರೆ.

"ಅಂಗಳದ ಸಿಮೆಂಟ್ ಮೇಲೆ ಯಾರಾದ್ರೂ ಪೇಂಟಲ್ಲಿ ಚೌಕ ಚೌಕ ಹಾಕ್ಕೊಟ್ರೆ ಸಾಕು. ಮಕ್ಳನ್ನೇ ಸಾಲಾಗಿ ನಿಲ್ಲಿಸ್ಬಹುದು," ಎನ್ನುತ್ತಾರೆ. ಎಷ್ಟು ಚೌಕ ಬೇಕೆಂದು ಕೇಳುತ್ತೇನೆ. ಅವರು ಮಕ್ಕಳತ್ತ ನೋಡುತ್ತಾರೆ. ಕೇಳಿಸಿಕೊಳ್ಳಲು ನಾನು ಬಾಗಬೇಕಾಗುತ್ತದೆ.

"ಹತ್ತರ ಮಗ್ಗಿವರೆಗೂ ಸಾಕು ಅಂತ ನಾನು. ಇಪ್ಪತ್ತರವರೆಗೂ ಹಾಕ್ಸಿ ಮಿಸ್ ಅಂತ ಅವ್ರು. ನನ್ ಮಾತು ಎಲ್ಲಿ ಕೇಳ್ತಾರೆ!"