ನಾಲಿಗೆಯ ಮೇಲಿನ ಕೆಲಸಗಾರರು

ಕನ್ನಡನಾಡು ಬಿಟ್ಟು ಬಂದ ಮೇಲೆ, ಹಿಮಾಯತ್‌ನಗರದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಮಾತಾಡುವುದೇ ನನ್ನ ಕೆಲಸ. ಬಾಯಿ ವಾಸನೆ ಬಂದರೆ ವ್ಯಾಪಾರ ಕೆಟ್ಟಂತೆ. ಹಾಗಾಗಿ ವ್ಯಾಯಾಮದ ಪ್ರಯೋಗವೊಂದಕ್ಕೆ ಹೆಸರು ಕೊಟ್ಟಾಗ, ಮೂಗು-ಬಾಯಿಗೆ ಮಾಸ್ಕ್ ಕಟ್ಟಿ ಸೈಕಲ್ ತುಳಿಸುತ್ತಾರೆಂದು ಕೇಳಿ, ಮರ್ಯಾದೆಗೆಂದು ಮೌತ್‌ವಾಶ್ ಹಾಕಿ ಬಾಯಿ ಮುಕ್ಕಳಿಸಿಕೊಂಡೇ ಹೋದೆ.

ಪ್ರಯೋಗ ನಡೆಸುವ ಮೇಡಂ ಬೀಟ್‌ರೂಟ್ ರಸದ ಲೋಟ ಹಿಡಿದು ಬಂದರು. ಅಲ್ಲಿಯವರೆಗೆ ಹಿಂದಿಯಲ್ಲಿ ಮಾತಾಡುತ್ತಿದ್ದವರು, ನನ್ನ ಬಾಯಿಯ ಪುದೀನ ವಾಸನೆ ಬಡಿದದ್ದೇ ಲೋಟ ಕೆಳಗಿಟ್ಟು, "ಅಯ್ಯ, ಇವತ್ತಿನ ಕೆಲಸ ಹೋತು" ಎಂದು ಕನ್ನಡದಲ್ಲೇ ಗೊಣಗಿದರು.

"ನಮ್ಮ ಕಡಿಯವರೇನ್ರಿ ನೀವು?"

"ಬೀದರಿನಾಕಿ. ಅದಿರಲಿ, ಮೌತ್‌ವಾಶ್ ಬ್ಯಾಡ ಅಂತ ಮೊದಲಽ ಹೇಳಿದ್ವಲ್ರಿ?"

"ಸೈಕಲ್ ತುಳಿಯೋದು ಕಾಲ್ರಿ. ಬಾಯಿ ಗೊಡವಿ ಯಾಕ?"

"ಈ ರಸದಾಗ ನೈಟ್ರೇಟ್ ಐತ್ರಿ. ಅದನ್ನ ಮೈಗೆ ಒಗ್ಗೋಹಂಗ ಬದಲಿಸೋದು ನಿಮ್ಮ ನಾಲಿಗಿ ಮ್ಯಾಲಿನ ಬ್ಯಾಕ್ಟೀರಿಯಾ. ಆಮ್ಯಾಲ ಕಾಲಿನ ಸ್ನಾಯು ಕಡಿಮಿ ಆಕ್ಸಿಜನ್‌ನಾಗ ಅಷ್ಟಽ ಕೆಲಸ ಮಾಡತೈತೇನು ಅಂತ ನೋಡಾಕತ್ತೀವಿ. ನೀವು ಅವನ್ನೆಲ್ಲ ಕೊಂದು ಬಂದೀರಿ."

ಸೈಕಲ್ ಸೀಟಿನ ಮೇಲೆ ಕುಳಿತು ನನ್ನ ಕಾಲು ನೋಡಿಕೊಂಡೆ. ತೊಡೆ ಎಲ್ಲಿ, ನಾಲಿಗೆ ಎಲ್ಲಿ. ಇಷ್ಟು ವರ್ಷ ಅಂಗಡಿಯ ಮೆಟ್ಟಿಲನ್ನು ನಾನೊಬ್ಬನೇ ಹತ್ತುತ್ತಿದ್ದೇನೆ ಎಂದುಕೊಂಡಿದ್ದೆ. ಕಣ್ಣಿಗೆ ಕಾಣದ ಒಂದು ಊರೇ ನನ್ನ ಬಾಯಲ್ಲಿ ಕೂತು ಕಾಲಿಗೆ ದುಡಿಯುತ್ತಿತ್ತು.

ಅಂದಿನಿಂದ ಮೌತ್‌ವಾಶ್ ಬಾಟಲಿ ಮುಟ್ಟಿಲ್ಲ. ನಮ್ಮ ಮಾಲೀಕರು ಮಾತ್ರ, ನಾನು ಎದುರು ನಿಂತು ಬಾಯಿ ತೆರೆದಾಗಲೆಲ್ಲ, ಏಲಕ್ಕಿ ಡಬ್ಬಿ ಮುಂದೆ ಸರಿಸುತ್ತಾರೆ.